ಟ್ರಾಲಿಯ ಮುಂದೆ ನಿಲ್ಲುವ ಪಾಠ

ಮುಖ್ಯಶಿಕ್ಷಕರಿಗೆ ಪಾಠ ಹೇಳುವುದು ನನ್ನ ಕೆಲಸ. ಮಕ್ಕಳಿಗೆ ಪಾಠ ಹೇಳಿದ್ದು ನೌಕರಿಯ ಮೊದಲ ಕೆಲವು ವರ್ಷ ಮಾತ್ರ. ಆಮೇಲೆ ಸಿರುಗುಪ್ಪದಲ್ಲಿ ತಾಲ್ಲೂಕಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಶಿಕ್ಷಣಾಧಿಕಾರಿಯಾದೆ. ಅಲ್ಲಿಂದ ಬಳ್ಳಾರಿಗೆ ಬಂದು, ಹೊಸದಾಗಿ ಮುಖ್ಯಶಿಕ್ಷಕರೋ ಅಧಿಕಾರಿಗಳೋ ಆದವರಿಗೆ ತರಬೇತಿ ಕೊಡುವ ಹಾಲ್‌ನಲ್ಲಿ ನಿಂತೆ. ನಿಂತಲ್ಲೇ ಕೂದಲು ಬೆಳ್ಳಗಾಯಿತು. ಈಗ ನಿವೃತ್ತಿ ಹತ್ತಿರ ಬಂದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಯಾರೋ ಆಗಲೇ ತಯಾರಿ ನಡೆಸಿದ್ದಾರೆಂದು ಕಿವಿಗೆ ಬಿದ್ದಿದೆ. ಆ ಹಾರಕ್ಕೆ ಕೊರಳೊಡ್ಡಲು ನನಗೆ ಮನಸ್ಸಿಲ್ಲ. ಯಾಕಿಲ್ಲ ಎನ್ನುವುದನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ತರಬೇತಿ ಎಂದರೇನು ಎನ್ನುವುದು ಹಾಲ್‌ಗೆ ಬರುವವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇಗ ಬಂದವರು ಫ್ಯಾನಿನ ಕೆಳಗೆ, ತಡವಾಗಿ ಬಂದವರು ಕಿಟಕಿಯ ಬಿಸಿಲಿಗೆ. ನಡುವೆ ಒಮ್ಮೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಮಿರ್ಚಿ ಹೊಟ್ಟೆಗೆ ಇಳಿದ ಮೇಲೆ ಅರ್ಧ ಹಾಲ್ ಕಣ್ಣು ಮುಚ್ಚುತ್ತದೆ. ಪರದೆಯ ಮೇಲೆ 'ಶಾಲಾ ನಾಯಕತ್ವ' ಎಂಬ ದೊಡ್ಡ ಅಕ್ಷರ ಬರುತ್ತದೆ, ಹಿಂದಿನ ಸಾಲಿನಿಂದ ಒಬ್ಬರು, "ಮೇಡಂ, ಪಿಪಿಟಿ ಗ್ರೂಪಿಗೆ ಹಾಕಿಬಿಡ್ರಿ, ಮನ್ಯಾಗ ಓದ್ಕಂತೀವಿ" ಅನ್ನುತ್ತಾರೆ. ಮನೆಯಲ್ಲಿ ಓದಿದವರನ್ನು ನಾನು ಈವರೆಗೆ ಕಂಡಿಲ್ಲ. ಕೊನೆಗೆ ಎಲ್ಲರೂ ಎದ್ದು ನಿಂತು, ತರಬೇತಿ ಬಹಳ ಉಪಯುಕ್ತವಾಗಿತ್ತು ಎಂದು ಹೇಳಿ ಬಸ್ಸಿಗೆ ಓಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ನಾನೇ ಅಲ್ಲಿ ಕೂತಿದ್ದರೆ ಇನ್ನೂ ಬೇಗ ಓಡುತ್ತಿದ್ದೆ.

ನಾನು ಸಿಟ್ಟಿನವಳು. ಒಂದು ಚಳಿಗಾಲ ಈ ನಾಟಕ ಸಾಕೆನಿಸಿ ಪಾಠದ ನಡುವೆಯೇ ಪ್ರೊಜೆಕ್ಟರ್ ಆರಿಸಿಬಿಟ್ಟೆ. "ನಾಳಿ ಇಲ್ಲಿಗೆ ಬರಬ್ಯಾಡ್ರಿ. ಬೆಳಕು ಹರಿಯೋದ್ರಾಗ ಬಸ್ ಸ್ಟ್ಯಾಂಡಿನಾಗ ಇರ್ರಿ. ಕುರುಗೋಡು ಕಡೆ ಒಂದು ಊರಿಗೆ ಹೋಗಾದೈತಿ" ಅಂದೆ. ಕಣ್ಣು ಮುಚ್ಚಿದ್ದವರೆಲ್ಲ ಕಣ್ಣು ಬಿಟ್ಟರು. ಟಿಫಿನ್ ವ್ಯವಸ್ಥೆ ಏನು ಎಂದು ಒಬ್ಬರು ಕೇಳಿದರು.

ಮೆಣಸಿನಕಾಯಿ ಕೆಂಪಾಗುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಶಾಲೆಗಳು ಖಾಲಿಯಾಗುತ್ತವೆ. ಯಾರೂ ಇದನ್ನು ಸುದ್ದಿಯ ಹಾಗೆ ಹೇಳುವುದಿಲ್ಲ, ಬಿಸಿಲು ಶುರುವಾಯಿತು ಎಂದ ಹಾಗೆ ಹೇಳುತ್ತಾರೆ. ಬೆಳಗ್ಗೆ ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ಹಿಂದಿನ ಟ್ರಾಲಿಗೆ ಹೆಂಗಸರು ಬುತ್ತಿಗಂಟು ಹಿಡಿದು ಹತ್ತುತ್ತಾರೆ, ಅವರ ಹಿಂದೆ ಮಕ್ಕಳು ಹತ್ತುತ್ತಾರೆ. ಗಿಡ ಗಿಡ್ಡ, ಮಕ್ಕಳೂ ಗಿಡ್ಡ, ಬಗ್ಗುವ ಕಷ್ಟವಿಲ್ಲ ಎಂದು ಹೊಲದವರು ನಗುತ್ತಾರೆ. ಮೆಣಸಿನಕಾಯಿ ಬಿಡಿಸಿದ ಮಗು ಮರುದಿನ ಶಾಲೆಗೆ ಬಂದರೆ ಅದನ್ನು ಗುರುತಿಸುವುದು ಸುಲಭ. ಅದು ಕಣ್ಣುಜ್ಜುವುದಿಲ್ಲ, ಮೂಗು ಮುಟ್ಟುವುದಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿರುತ್ತದೆ.

ಕುರುಗೋಡು ಕಡೆಯ ಆ ಊರಿನ ಶಾಲೆಯಲ್ಲಿ ಒಬ್ಬ ಮುಖ್ಯಶಿಕ್ಷಕಿ ಇದ್ದಳು. ನನ್ನ ಇಡೀ ನೌಕರಿಯಲ್ಲಿ ಇದು ನಾನು ಮಾಡಿದ ಕೆಲಸ ಎಂದು ತೋರಿಸಬಹುದಾದದ್ದು ಏನಾದರೂ ಇದ್ದರೆ ಅವಳೊಬ್ಬಳೇ. ಅವಳನ್ನು 'ಅವರು' ಎನ್ನಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ಅವಳನ್ನು ಮೊದಲು ಕಂಡಾಗ ಅವಳು ನನ್ನ ಸೊಂಟದ ಎತ್ತರಕ್ಕಿದ್ದಳು.

ನೌಕರಿಯ ಹೊಸದರಲ್ಲಿ ನನ್ನನ್ನು ಹಚ್ಚೊಳ್ಳಿಯ ಕಡೆ ಹಾಕಿದ್ದರು. ಅಲ್ಲಿ ಮೆಣಸಿನಕಾಯಿಗಿಂತ ಭತ್ತ ಹೆಚ್ಚು. ಕಾಲುವೆಗೆ ನೀರು ಬಂತೆಂದರೆ ನಾಟಿ ಶುರು, ನಾಟಿ ಶುರುವಾಯಿತೆಂದರೆ ನನ್ನ ತರಗತಿಯಲ್ಲಿ ನಾನು ಮತ್ತು ಗೋಡೆಯ ಮೇಲಿನ ನಕಾಶೆ ಮಾತ್ರ. ಒಂದು ಬೆಳಗ್ಗೆ ಬಸ್ಸಿಳಿದು ನಡೆದು ಬರುವಾಗ ನನ್ನ ಮೂರನೆಯ ತರಗತಿಯ ಹುಡುಗಿ ಟ್ರಾಲಿಯಲ್ಲಿ ಕೂತಿದ್ದು ಕಣ್ಣಿಗೆ ಬಿತ್ತು. ನೆತ್ತಿಗೇರಿತು. ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತು ಅವಳ ತಾಯಿಯ ಜೊತೆ ಜಗಳಕ್ಕೆ ಬಿದ್ದೆ.

ತಾಯಿ ಬಾಯಿಮಾತಿನಲ್ಲಿ ನನಗಿಂತ ಏನೂ ಕಮ್ಮಿಯಿರಲಿಲ್ಲ. "ಇಕಿ ಕೈ ಸಣ್ಣವು ಯಕ್ಕಾ, ಸಸಿ ಚಲೋ ಹಚ್ತಾಳ. ಸಾಲಿಯಾಗ ಕುಂತು ಏನ್ ಹಚ್ತಾಳ ಹೇಳು" ಅಂದಳು. ಟ್ರಾಲಿಯ ತುಂಬ ನಗು.

"ಇಕೀನ ಇಳಸ್ತೀಯೇನು, ಇಲ್ಲಾ ನಾನೂ ಹತ್ಲೇನು?" ಅಂದೆ.

"ಹತ್ತವ್ವಾ, ಯಾರು ಬ್ಯಾಡಂದ್ರು?"

ಹತ್ತಿಯೇಬಿಟ್ಟೆ. ವಯಸ್ಸೂ ಹಾಗಿತ್ತು, ಹಠವೂ ಹಾಗಿತ್ತು. ಇಸ್ತ್ರಿ ಮಾಡಿದ ಸೀರೆಯಲ್ಲಿ ಮೊಣಕಾಲುದ್ದ ಕೆಸರಿಗಿಳಿದು ದಿನವಿಡೀ ಭತ್ತದ ಸಸಿ ಹಚ್ಚಿದೆ. "ಟೀಚರಮ್ಮನ ಸಾಲು ನೋಡ್ರೇ, ಹಾವು ಹೋದಂಗ ಐತಿ" ಎಂದು ಹೆಂಗಸರು ನಕ್ಕು ನಕ್ಕು ಸುಸ್ತಾದರು. ನನ್ನ ಬುತ್ತಿ ಶಾಲೆಯಲ್ಲೇ ಉಳಿದಿತ್ತು. ಆ ತಾಯಿಯೇ ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳು. ಮರುದಿನ ನಾನು ಮತ್ತೆ ಹೋಗಿ ಅಲ್ಲಿ ನಿಂತಾಗ ಅವಳು ಜಗಳಕ್ಕೆ ಬರಲಿಲ್ಲ. ಮಗಳ ರಟ್ಟೆ ಹಿಡಿದು ಟ್ರಾಲಿಯಿಂದ ಕೆಳಗೆ ಬಿಟ್ಟು, "ತಗಾ, ನೀನಾ ಇಟ್ಕಾ. ನಿನ್ನ ಕಾಟ ತಡಿಯಾಕಾಗಂಗಿಲ್ಲ" ಅಂದಳು.

ಆ ಹುಡುಗಿ ಓದಿದಳು. ಟೀಚರಾದಳು, ಕುರುಗೋಡಿನ ಆಚೆ ಒಂದು ಊರಿಗೆ ಮುಖ್ಯಶಿಕ್ಷಕಿಯಾದಳು. ತರಬೇತಿಗೆಂದು ಬಳ್ಳಾರಿಯ ನನ್ನ ಹಾಲ್‌ಗೆ ಬಂದಾಗ ಎಲ್ಲರೂ ನನ್ನನ್ನು 'ಮೇಡಂ' ಅನ್ನುತ್ತಿದ್ದರೆ ಅವಳೊಬ್ಬಳು 'ಟೀಚರ್' ಅನ್ನುತ್ತಿದ್ದಳು. ಅವತ್ತು ಅವಳನ್ನು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಕರೆದುಕೊಂಡು ಹೋಗಿ ಊಟಕ್ಕೆ ಹಾಕಿದೆ. ನಮ್ಮ ಮನೆಯವರು, "ನಿನ್ನ ಮುಖ ಇಷ್ಟು ಹಿಗ್ಗಿದ್ದು ನೋಡಿ ಎಷ್ಟು ವರ್ಷ ಆತು" ಅಂದರು. ಹಿಗ್ಗದೆ ಏನು ಮಾಡಲಿ? ಊಟ ಮಾಡುತ್ತ ಅವಳು ತನ್ನ ಊರಿನ ಟ್ರಾಲಿಯ ಮುಂದೆ ತಾನೂ ನಿಲ್ಲುತ್ತೇನೆಂದು ಹೇಳಿದಳು.

ಮುಖ್ಯಶಿಕ್ಷಕರನ್ನು ಆ ಚಳಿಗಾಲದ ಬೆಳಗ್ಗೆ ಕರೆದುಕೊಂಡು ಹೋಗಿದ್ದು ಅವಳ ಊರಿಗೇ. ಮಾತಾಡಬಾರದು, ಫೋನು ತೆಗೆಯಬಾರದು, ದೂರ ನಿಂತು ನೋಡಬೇಕು ಎಂದು ಬಸ್ಸಿನಲ್ಲೇ ಹೇಳಿದ್ದೆ. ಅವಳ ರೀತಿ ನನ್ನದಲ್ಲ. ನಾನು ಕೂಗಾಡುವವಳು, ಅವಳು ಬಾಯಿಯೇ ಬಿಡುವುದಿಲ್ಲ. ಟ್ರಾಲಿಯ ಹಿಂದಿನ ಹಲಗೆ ಹಿಡಿದು ಸುಮ್ಮನೆ ನಿಂತಳು. ಹೆಂಗಸರು ಆ ಕಡೆ ಈ ಕಡೆ ನೋಡಿದರು. ಒಬ್ಬಾಕೆ ಸೆರಗು ಸರಿ ಮಾಡಿಕೊಂಡಳು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ಕೊನೆಗೆ ಒಬ್ಬ ತಾಯಿ ಮಗನನ್ನು ಕೆಳಗೆ ಬಿಟ್ಟಳು, ಅವಳ ಹಿಂದೆ ಇನ್ನೊಬ್ಬಳು. ಸಣ್ಣ ಮೂಗುತಿಯ ಒಬ್ಬ ಹುಡುಗಿ, ಎರಡನೆಯ ತರಗತಿಯವಳು, ಮುಖ್ಯಶಿಕ್ಷಕಿ ಕೈ ಚಾಚಿದರೂ ಹಿಡಿಯದೆ ದಬಕ್ಕೆಂದು ತಾನೇ ಜಿಗಿದು, ಲಂಗ ಕೊಡವಿಕೊಂಡು ಶಾಲೆಯ ಕಡೆ ಓಡಿದಳು. ಟಿಫಿನ್ ಕೇಳಿದ್ದ ಮಹಾಶಯರು ನನ್ನ ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಆದರೆ ನಾನು ಅವರಿಗೆ ತೋರಿಸಬೇಕೆಂದಿದ್ದು ಬೆಳಗಿನದ್ದಲ್ಲ. ಸಂಜೆಯದ್ದು. ತಾಯಂದಿರು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದು ಆಸೆಯಿಂದಲ್ಲ. ಶಾಲೆ ಬಿಟ್ಟ ಮೇಲೆ ಟ್ರ್ಯಾಕ್ಟರ್ ಊರಿಗೆ ಮರಳುವವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ದೊಡ್ಡ ಹುಡುಗಿಯರನ್ನು ಒಂಟಿಯಾಗಿ ಬಿಡಲು ಅವರಿಗೆ ಧೈರ್ಯವಿಲ್ಲ. ಇವಳು ಅದನ್ನು ತಿಳಿದಿದ್ದಳು. ಗಂಟೆ ಹೊಡೆದ ಮೇಲೂ ಆ ಮಕ್ಕಳನ್ನು ಶಾಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬಿಸಿಯೂಟದ ಅಡುಗೆಯಮ್ಮ ಮಧ್ಯಾಹ್ನ ಉಳಿದದ್ದನ್ನು ಒಲೆಯ ಮೇಲಿಟ್ಟು ಕಾಯಿಸಿಕೊಡುತ್ತಿದ್ದಳು. ಟ್ರ್ಯಾಕ್ಟರಿನ ಸದ್ದು ಕೇಳಿದ ಮೇಲೆ ಮಕ್ಕಳನ್ನು ಅಗಸಿಯವರೆಗೆ ನಡೆಸಿಕೊಂಡು ಹೋಗಿ ತಾಯಂದಿರ ಕೈಗೆ ಒಪ್ಪಿಸಿ, ಆಮೇಲೆ ತಾನು ಕೊನೆಯ ಬಸ್ಸಿಗೆ ಓಡುತ್ತಿದ್ದಳು. ತಾಯಂದಿರು ಬೆಳಗ್ಗೆ ಮಕ್ಕಳನ್ನು ಕೊಡುತ್ತಿದ್ದದ್ದು ಆ ಸಂಜೆಯ ಭರವಸೆಯ ಮೇಲೆ. ಇದನ್ನು ನಾನು ಬಿಡಿಸಿ ಹೇಳಿದೆ. ಮುಖ್ಯಶಿಕ್ಷಕರು ತಲೆಯಾಡಿಸಿದರು, ಆದರೆ ಮಧ್ಯಾಹ್ನವೇ ಬಸ್ಸಿಗೆ ಹೋಗಬೇಕಿತ್ತು, ಸಂಜೆಯನ್ನು ಯಾರೂ ನೋಡಲಿಲ್ಲ.

ಆ ಪ್ರವಾಸದ ಸುದ್ದಿ ಮೇಲಿನವರೆಗೆ ಹೋಯಿತು. ಜಿಲ್ಲೆಗೆ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರು, ನನ್ನ ಮಗನ ವಯಸ್ಸಿನವರು, ಒಂದು ಬೆಳಗ್ಗೆ ತಾವೇ ಆ ಊರಿಗೆ ಹೋಗಿ ನೋಡಿದರು. ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಇಳಿಯುವುದನ್ನು ಕಂಡು ಅವರ ಕಣ್ಣು ನಿಜವಾಗಿಯೂ ತುಂಬಿದವಂತೆ. "ಅದ್ಭುತ ಮೇಡಂ! ಇಂಥದ್ದನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ರಿ? ಎಲ್ಲಾ ಶಾಲೆಯಲ್ಲೂ ಮಾಡಿಸೋಣ" ಅಂದರು. ನಾನು ಸಂತೋಷಪಟ್ಟೆ. ಸಂತೋಷಪಡದಿದ್ದರೆ ನಾನು ಇಷ್ಟು ವರ್ಷ ಆ ಹಾಲ್‌ನಲ್ಲಿ ಗಂಟಲು ಹರಿದುಕೊಂಡದ್ದಕ್ಕೆ ಅರ್ಥವೇನಿತ್ತು? ಮೇಲಿನವರೊಬ್ಬರು ಕೊನೆಗೂ ಕಣ್ಣು ತೆರೆದು ನೋಡಿದರಲ್ಲ ಎಂದು ಅವತ್ತು ಮನೆಗೆ ಹೋಗುತ್ತ ಮಿಠಾಯಿ ತೆಗೆದುಕೊಂಡೆ.

ಮುಂದಿನ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಅದು ಅಭಿಯಾನವಾಯಿತು. ಅದಕ್ಕೊಂದು ಹೆಸರು, ಒಂದು ಬ್ಯಾನರು, ಒಂದು ವಾಟ್ಸಾಪ್ ಗ್ರೂಪು. ಪ್ರತಿ ಶಾಲೆಯ ಮುಖ್ಯಸ್ಥರು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಟ್ರಾಲಿಯಿಂದ ಮಕ್ಕಳನ್ನು ಇಳಿಸುತ್ತಿರುವ ಫೋಟೋ ಹಾಕಬೇಕು. ಫೋಟೋದಲ್ಲಿ ಜಾಗ, ಹೊತ್ತು ಎರಡೂ ಕಾಣಬೇಕು. ಹಾಕದ ಶಾಲೆಯ ಹೆಸರು ಮಧ್ಯಾಹ್ನದೊಳಗೆ ಕೆಂಪು ಬಣ್ಣದಲ್ಲಿ ಬರುತ್ತದೆ.

ಮೊದಲ ದಿನವೇ ನಗರದೊಳಗಿನ ಒಂದು ಶಾಲೆಯ ಮುಖ್ಯಶಿಕ್ಷಕರು ನನಗೆ ಫೋನ್ ಮಾಡಿದರು. ಪಾಪ, ಬಹಳ ವಿನಯದ ಮನುಷ್ಯ. "ಮೇಡಂ, ನಮ್ಮ ವಾರ್ಡಿಗೆ ಟ್ರ್ಯಾಕ್ಟರ್ ಬರಂಗಿಲ್ರೀ. ಆಟೋ ನಡೀತೈತೇನ್ರಿ?"

"ನಿಮ್ಮ ಮಕ್ಕಳು ಮೆಣಸಿನಕಾಯಿ ಬಿಡಸಾಕ ಹೋಗ್ತಾರೇನ್ರಿ?" ಅಂದೆ.

"ಇಲ್ರೀ ಮೇಡಂ, ನಮ್ಮಲ್ಲಿ ಒಬ್ರೂ ಗೈರುಹಾಜರಿಲ್ರಿ."

"ಮತ್ತ ಯಾರನ್ನ ಇಳಸ್ತೀರಿ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ದಿನ ಬಿಟ್ಟು ಅವರ ಫೋಟೋ ಬಂತು. ನೀರಿನ ಟ್ಯಾಂಕರಿನ ಟ್ರ್ಯಾಕ್ಟರನ್ನು ತರಿಸಿ, ಅದಕ್ಕೊಂದು ಖಾಲಿ ಟ್ರಾಲಿ ಕಟ್ಟಿಸಿ, ಟೈ ಬೆಲ್ಟು ಹಾಕಿದ ಮಕ್ಕಳನ್ನು ಮೊದಲು ಹತ್ತಿಸಿ ಆಮೇಲೆ ಇಳಿಸಿದ್ದರು. ಮಕ್ಕಳಿಗೆ ಬಹಳ ಖುಷಿಯಾಗಿತ್ತೆಂದು ಕಾಣುತ್ತದೆ, ಎಲ್ಲರೂ ಹಲ್ಲು ಬಿಟ್ಟಿದ್ದರು. ಸಾಹೇಬರು ಹೆಬ್ಬೆರಳು ಎತ್ತಿದ ಗುರುತು ಹಾಕಿದರು. ಅದರ ಕೆಳಗೆ ನನ್ನ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತಿದ್ದವರೆಲ್ಲ ಸಾಲಾಗಿ ಹೆಬ್ಬೆರಳು ಎತ್ತಿದರು.

ನಗು ಬಂತು, ಸುಳ್ಳಲ್ಲ. ನಮ್ಮ ಮನೆಯವರಿಗೂ ತೋರಿಸಿ ನಕ್ಕೆ. ನಗು ನಿಂತಿದ್ದು ಹಳ್ಳಿಗಳ ಫೋಟೋ ನೋಡುತ್ತ ಹೋದಾಗ. ಅಲ್ಲಿ ನಿಜವಾದ ಟ್ರಾಲಿ, ನಿಜವಾದ ಕೂಲಿಯ ಮಕ್ಕಳು. ಆದರೆ ಒಂದು ಫೋಟೋದಲ್ಲಿ ಇಳಿದ ಹುಡುಗನ ಕೈಯಲ್ಲಿ ಬುತ್ತಿಗಂಟು ಇನ್ನೂ ಇತ್ತು. ಇನ್ನೊಂದರಲ್ಲಿ ಟ್ರ್ಯಾಕ್ಟರಿನ ಹೊಗೆ ಕಾಣುತ್ತಿತ್ತು, ಅಂದರೆ ಎಂಜಿನ್ ಆರಿಸಿಯೇ ಇರಲಿಲ್ಲ. ಆ ಶಾಲೆಗಳಿಂದ ಬರುವ ಹಾಜರಿಯ ಲೆಕ್ಕ ಮಾತ್ರ ಮೊದಲಿನ ಹಾಗೇ ಖಾಲಿ. ಫೋಟೋ ತೆಗೆದಾದ ಮೇಲೆ ಮಕ್ಕಳು ಮತ್ತೆ ಹತ್ತಿ ಹೊಲಕ್ಕೆ ಹೋಗುತ್ತಿದ್ದಾರೆಂದು ಅರ್ಥವಾಗಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಕೆಂಪು ಬಣ್ಣದಲ್ಲಿ ದಿನವೂ ಬರುತ್ತಿದ್ದ ಹೆಸರು ನನ್ನ ಹುಡುಗಿಯ ಶಾಲೆಯದ್ದು. ಯಾವ ಶಾಲೆ ನೋಡಿ ಇದೆಲ್ಲ ಶುರುವಾಯಿತೋ ಅದೇ ಶಾಲೆ. ಫೋನ್ ಮಾಡಿ ಕೇಳಿದೆ. "ಹೆಂಗ್ ಹಾಕ್ಲಿ ಟೀಚರ್? ಅವರು ನಾಚಿಕೊಂಡು ನನ್ನ ಕೈಗೆ ಮಕ್ಕಳನ್ನ ಕೊಡ್ತಾರ. ಆ ಮುಖಗಳನ್ನ ನಾನು ಎಲ್ಲಾರಿಗೂ ತೋರಿಸ್ಲೇನು? ನಮ್ಮವ್ವನ ಮುಖ ಹಂಗ ಯಾರರ ತೋರಿಸಿದ್ದಿದ್ರ ನೀವು ಸುಮ್ಕಿರ್ತಿದ್ರೇನು?" ಅಂದಳು. ಅವಳು ಸರಿಯೆಂದು ಗೊತ್ತಿತ್ತು, ಅವಳಿಗೆ ಕಷ್ಟ ಬರುತ್ತದೆಂದೂ ಗೊತ್ತಿತ್ತು.

ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿದರು. ನಾನು ವೇದಿಕೆಯ ಮೇಲಿದ್ದೆ. ಸಾಹೇಬರು ಗದರಲಿಲ್ಲ, ಮೆತ್ತಗೆ ಕೇಳಿದರು, "ನಿಮ್ಮಿಂದಲೇ ಶುರುವಾದ ಕಾರ್ಯಕ್ರಮ. ನಿಮ್ಮದೇ ಶೂನ್ಯ. ಯಾಕಮ್ಮಾ?"

ಅವಳು ಇದ್ದದ್ದು ಹೇಳಿದಳು. ತನ್ನ ಶಾಲೆಯ ಮಕ್ಕಳು ಹೊಲಕ್ಕೆ ಹೋಗದೆ ಶಾಲೆಯಲ್ಲಿದ್ದಾರೆ, ಯಾವತ್ತು ಬೇಕಾದರೂ ಬಂದು ನೋಡಬಹುದು, ಟ್ರ್ಯಾಕ್ಟರ್ ಮರಳುವವರೆಗೆ ತಾನೇ ಇಟ್ಟುಕೊಂಡಿರುತ್ತೇನೆ ಎಂದಳು. ಆ ಕೊನೆಯ ಮಾತು ಆಡಬಾರದಿತ್ತು. ಸಾಹೇಬರ ಪಕ್ಕದಲ್ಲಿದ್ದವರು ಕಿವಿ ನಿಮಿರಿಸಿದರು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಇಟ್ಟುಕೊಳ್ಳಲು ಅನುಮತಿ ಯಾರದು? ಹೆಣ್ಣುಮಕ್ಕಳು ಬೇರೆ. ಹಾವು ಚೇಳು ಕಡಿದರೆ? ಏನಾದರೂ ಹೆಚ್ಚುಕಮ್ಮಿಯಾದರೆ ಉತ್ತರ ಕೊಡುವವರು ಯಾರು?

ನಾನು ಮೈಕ್ ಕಸಿದುಕೊಂಡೇ ಮಾತಾಡಿದೆ. ಸಂಜೆ ಇಲ್ಲದಿದ್ದರೆ ಬೆಳಗ್ಗೆಯೂ ಇಲ್ಲ, ಇಳಿಸುವುದು ಸುಲಭ, ಇಳಿಸಿದ ಮೇಲೆ ಇಟ್ಟುಕೊಳ್ಳುವುದೇ ಕೆಲಸ ಎಂದು ಕೂಗಿದೆ. ಹಾಲ್‌ನಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾನು ತಯಾರು ಮಾಡಿದವರು. ಆ ಚಳಿಗಾಲದ ಬೆಳಗ್ಗೆ ಮೂಗು ಒರೆಸಿಕೊಂಡಿದ್ದ ಮಹಾಶಯರೂ ಇದ್ದರು. ಒಬ್ಬರಾದರೂ ಎದ್ದು ಹೌದೆನ್ನುತ್ತಾರೆಂದು ಕಾದೆ. ಅವರೆಲ್ಲ ತಮ್ಮ ತಮ್ಮ ಫೋನು ನೋಡುತ್ತಿದ್ದರು. ನಾನು ಇಷ್ಟು ವರ್ಷ ಕಲಿಸಿದ ನಾಯಕತ್ವವನ್ನು ಅವತ್ತು ಕಣ್ಣಾರೆ ಕಂಡೆ. ಸಾಹೇಬರು ನನ್ನ ಕಡೆ ಬಾಗಿ, "ಮೇಡಂ, ನಿಮ್ಮ ಬಗ್ಗೆ ಬಹಳ ಗೌರವ ಇದೆ, ನೀವು ನೀರು ಕುಡೀರಿ" ಅಂದರು.

ಅವಳಿಗೆ ನೋಟಿಸ್ ಬಂತು. ಅದರ ಜೊತೆಗೆ ಆದೇಶವೂ ಬಂತು, ಶಾಲೆಯ ಸಮಯ ಮುಗಿದ ಮೇಲೆ ಒಂದು ಮಗುವೂ ಆವರಣದಲ್ಲಿ ಇರಬಾರದು, ಗೇಟಿಗೆ ಬೀಗ ಹಾಕಬೇಕು. ಅದನ್ನು ವಾಪಸ್ ತೆಗೆಸಲು ನಾನು ಓಡಾಡದ ಕಚೇರಿಯಿಲ್ಲ. ಎಲ್ಲ ಕಡೆ ಚಹಾ ಕೊಟ್ಟರು. ನನ್ನ ಕೈಯಲ್ಲೇ ತರಬೇತಿ ಪಡೆದ ಒಬ್ಬ ಅಧಿಕಾರಿ, "ಮೇಡಂ, ನೀವು ಹೇಳೋದು ಬರಾಬರಿ ಐತ್ರಿ. ಆದ್ರ ನಾಳಿ ಏನಾರ ಆತಂದ್ರ ನನ್ನ ಕುತ್ತಿಗಿಗೆ ಬರ್ತೈತ್ರಿ" ಅಂದ. ಅವನ ಕುತ್ತಿಗೆಯನ್ನು ನೋಡುತ್ತ ಚಹಾ ಕುಡಿದು ಎದ್ದು ಬಂದೆ.

ಸಂಜೆ ನಿಂತ ಮೇಲೆ ಬೆಳಗ್ಗೆಯೂ ನಿಂತಿತು. ಅವಳು ಟ್ರಾಲಿಯ ಹಲಗೆ ಹಿಡಿದು ನಿಂತರೆ ಹೆಂಗಸರು ಈಗ ತಲೆ ತಗ್ಗಿಸುತ್ತಿರಲಿಲ್ಲವಂತೆ. "ಎಲ್ಲಾ ಊರಾಗ ಫೋಟೋ ತಕ್ಕಂಡು ಬಿಟ್ಬಿಡ್ತಾರಂತ. ನೀವ್ಯಾಕ ಟೀಚರಮ್ಮಾ ಜೀವಾ ತಿಂತೀರಿ? ಸಂಜಿಕ ಇಟ್ಕಂತೀರೇನು? ಇಲ್ಲಲ್ಲ, ಮತ್ತ?" ಅಂದಳಂತೆ ಮೂಗುತಿ ಹುಡುಗಿಯ ತಾಯಿ. ಡ್ರೈವರ್ ಹಾರ್ನ್ ಹೊಡೆದನಂತೆ. ಇದನ್ನು ಹೇಳುವಾಗ ಫೋನಿನಲ್ಲಿ ಅವಳ ದನಿ ಸಮನಾಗಿತ್ತು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ನಾನು ಮಾತ್ರ ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಆಮೇಲೆ ಅವಳ ಶಾಲೆಯ ಹೆಸರು ಕೆಂಪಿನಲ್ಲಿ ಬರುವುದು ನಿಂತಿತು. ಒಂದು ಬೆಳಗ್ಗೆ ಗ್ರೂಪಿನಲ್ಲಿ ಅವಳ ಊರಿನ ಅಗಸಿ, ಆ ಟ್ರಾಲಿ, ಸಾಲಾಗಿ ನಿಂತ ಮಕ್ಕಳು. ಮರುದಿನವೂ ಬಂತು, ಅದರ ಮರುದಿನವೂ ಬಂತು. ಸಾಹೇಬರು 'ಶಹಬ್ಬಾಸ್' ಎಂದು ಬರೆದರು. ನಾನು ಆ ಫೋಟೋಗಳನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದೆ. ಮಕ್ಕಳು ಅದಲುಬದಲಾದರೂ ಪ್ರತಿ ಸಲವೂ ಅವೇ ಪಾಟಿಚೀಲಗಳು.

ತಡೆಯಲಾರದೆ ಹೊರಟೆ. ಕುರುಗೋಡಿಗೆ ಮೊದಲ ಬಸ್ಸು, ಅಲ್ಲಿಂದ ಆಟೋ. ಏನು ಮಾಡಬೇಕೆಂದು ಹೋದೆನೋ ನನಗೇ ಸ್ಪಷ್ಟವಿರಲಿಲ್ಲ. ಜಗಳಾಡಬೇಕೆಂದಿದ್ದೆನೋ, ಬೇಕಾದರೆ ಹಚ್ಚೊಳ್ಳಿಯಲ್ಲಿ ಮಾಡಿದ ಹಾಗೆ ನಾನೇ ಟ್ರಾಲಿ ಹತ್ತಬೇಕೆಂದಿದ್ದೆನೋ. ಈ ಮೊಣಕಾಲಿಟ್ಟುಕೊಂಡು ಅದು ಆಗುವ ಮಾತಲ್ಲ ಎಂದು ಆಟೋದಿಂದ ಇಳಿಯುವಾಗಲೇ ಗೊತ್ತಾಯಿತು.

ಅಗಸಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ನನ್ನ ಸೀರೆ, ಕನ್ನಡಕ, ಹೆಗಲ ಚೀಲ ನೋಡಿದವರೇ ಟ್ರಾಲಿಯಲ್ಲಿದ್ದ ಮಕ್ಕಳು ಯಾರೂ ಹೇಳದೆಯೇ ದಬದಬನೆ ಕೆಳಗೆ ಜಿಗಿದು ಸಾಲಾಗಿ ನಿಂತುಬಿಟ್ಟರು. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಮೂಗುತಿ ಹುಡುಗಿಯ ತಾಯಿ ಮೇಲಿನಿಂದಲೇ, "ಫೋಟೋಕ್ಕ ಬಂದೀರೇನ್ರಿ? ಲಗೂನ ತಕ್ಕೋರಿ ಯಕ್ಕಾ, ಬಿಸಿಲೇರ್ತೈತಿ" ಅಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ.

ಮುಖ್ಯಶಿಕ್ಷಕಿ ಶಾಲೆಯ ಕಡೆಯಿಂದ ಬಂದಳು. ಹೆಗಲಿಗೆ, ಕೈಗೆ ಪಾಟಿಚೀಲಗಳನ್ನು ನೇತುಹಾಕಿಕೊಂಡಿದ್ದಳು. ನನ್ನನ್ನು ಕಂಡು ಒಂದು ಕ್ಷಣ ನಿಂತಳು, ಆಮೇಲೆ ನಡೆದು ಬಂದು ಮಕ್ಕಳ ಕೈಗೆ ಒಂದೊಂದು ಚೀಲ ಕೊಟ್ಟಳು.

"ನೀವ್ಯಾಕ ಬಂದ್ರಿ ಟೀಚರ್?" ಅಂದಳು.

"ನಿನ್ನ ನೋಡಾಕ ಬಂದೆ."

"ನೋಡಿದ್ರಲ್ಲ."

ನಲವತ್ತು ತುಂಬದವಳ ಮುಖ ಅವಳ ತಾಯಿಯ ಮುಖದಂತಾಗಿತ್ತು. ಫೋನು ತೆಗೆದು ಹಿಂದೆ ಹಿಂದೆ ಹೋಗಿ ನಿಂತು, "ಬಂದೀರಿ ಅಂದಮ್ಯಾಲ ನೀವೂ ಒಂದು ಪಕ್ಕ ನಿಂದರ್ರಿ ಟೀಚರ್. ನೀವಿದ್ದ ಫೋಟೋ ಹಾಕಿದ್ರ ಒಂದಷ್ಟು ದಿನ ನನ್ನ ಯಾರೂ ಕೇಳಂಗಿಲ್ಲ" ಅಂದಳು.

ಅವಳು ನನ್ನನ್ನು ಚುಚ್ಚಲು ಅದನ್ನು ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ತಿರುಗಿ ಬರುತ್ತಿದ್ದೆ. ಅವಳಿಗೆ ನಿಜವಾಗಿಯೂ ಆ ಒಂದಷ್ಟು ದಿನ ಬೇಕಾಗಿತ್ತು, ಅವಳಿಗಾಗಿ ನಾನು ಮಾಡಬಹುದಾದದ್ದು ಅಷ್ಟೇ ಉಳಿದಿತ್ತು. ಹೋಗಿ ನಿಂತೆ. ಮೂಗುತಿ ಹುಡುಗಿ ನನ್ನ ಕೈ ಹಿಡಿದುಕೊಂಡಳು, ಫೋಟೋದಲ್ಲಿ ಹಾಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಆ ಅಂಗೈ ದೊರಗಾಗಿತ್ತು, ಬಿಸಿಯಾಗಿತ್ತು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಫೋಟೋ ನೋಡಲು ನನಗೆ ಇವತ್ತಿಗೂ ಧೈರ್ಯವಾಗಿಲ್ಲ.

"ಆತ್ರೇಪಾ" ಎಂದು ಮುಖ್ಯಶಿಕ್ಷಕಿ ಫೋನು ಇಳಿಸಿದಳು. ಮಕ್ಕಳು ಪಾಟಿಚೀಲಗಳನ್ನು ಅವಳಿಗೆ ವಾಪಸ್ ಕೊಟ್ಟರು. ದೊಡ್ಡವರು ಗಾಲಿಯ ಮೇಲೆ ಕಾಲಿಟ್ಟು ತಾವೇ ಹತ್ತಿಕೊಂಡರು. ಡ್ರೈವರ್ ಹಾರ್ನ್ ಹೊಡೆದ. ಮೂಗುತಿ ಹುಡುಗಿ ಹಲಗೆ ಹಿಡಿದು ಜೋತಾಡಿ ನೋಡಿದಳು. ಇಳಿಯುವಾಗ ಜಿಗಿಯಬಹುದು, ಹತ್ತುವಾಗ ಅವಳಿಗೆ ಅದು ಎತ್ತರ. ತಿರುಗಿ ನನ್ನ ಕಡೆ ಎರಡೂ ಕೈ ಚಾಚಿದಳು.

"ಟೀಚರಮ್ಮಾ, ಹತ್ತಸ್ರಿ."

ಅವಳ ಕಂಕುಳಲ್ಲಿ ಕೈ ಕೊಟ್ಟು ಎತ್ತಿ ಟ್ರಾಲಿಯ ಮೇಲೆ ಬಿಟ್ಟೆ. ಅವಳು ತಾಯಿಯ ಪಕ್ಕ ಜಾಗ ಮಾಡಿಕೊಂಡು ಕೂತು, ಶಾಲೆಯಲ್ಲಿ ಕಲಿಸಿದ ಹಾಗೆ ನನಗೆ "ಥ್ಯಾಂಕ್ಯೂ ಟೀಚರ್" ಅಂದಳು.